ಯೂನಿವರ್ಸಿಟೀಲಿ ಪರಿಸರದ ಕೆಲಸಕ್ಕೆ ಇಳೀಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡ್ಲಿ? ಅನುಭವ ಇರೋರು ಹೇಳಿ

ಹೊಸ ಚಿಗುರು: ಎಲ್ರಿಗೂ ನಮಸ್ಕಾರ. ನಾನು ಎಮ್ಮೆಸ್ಸಿ ಕೆಮಿಸ್ಟ್ರಿ, ಮೊದಲ್ನೇ ವರ್ಷ. ನಮ್ಮಲ್ಲಿ ಇಕೋ ಕ್ಲಬ್ ಅಂತ ಒಂದಿದೆ, ಜೂನ್ 5ಕ್ಕೆ ಸಸಿ ನೆಟ್ಟು ಫೋಟೋ ತೆಗೆಸ್ಕೊಂಡ್ರೆ ಮುಂದಿನ ಜೂನ್ ತನಕ ಯಾರ ಸುದ್ದೀನೂ ಇಲ್ಲ. ನಂಗೆ ನಿಜವಾಗ್ಲೂ ಏನಾದ್ರೂ ಬದಲಾಗೋ ಥರದ ಕೆಲಸ ಬೇಕು, ಓದೂ ಕೆಡಬಾರ್ದು. ಏನು ಮಾಡ್ಬಹುದು, ಯಾರನ್ನ ಹಿಡೀಬೇಕು?

ಮೀಟರ್ ಬೋರ್ಡು: ಸಸಿ ಆಮೇಲೆ ನೆಡಿ, ಮೊದಲು ಕರೆಂಟ್ ಬಿಲ್ ನೋಡಿ. ಕುಲಪತಿಗಳಿಗೆ ಲೆಟರ್ ಬರೆಯೋಕೆ ಹೋಗ್ಬೇಡಿ, ಆ ಲೆಟರ್ ಯಾವ್ದೋ ಫೈಲಲ್ಲಿ ಮಲಗುತ್ತೆ. ಮೇಂಟೆನೆನ್ಸ್ ಸೆಕ್ಷನ್ನಲ್ಲಿ ಒಬ್ರು ಎಲೆಕ್ಟ್ರಿಕಲ್ ಇಂಜಿನಿಯರ್ ಇರ್ತಾರಲ್ಲ, ಇಡೀ ಕ್ಯಾಂಪಸ್ಸಿನ ಜಾತಕ ಇರೋದು ಅವ್ರ ಹತ್ರ, ಅವ್ರನ್ನ ಯಾವ ಸ್ಟೂಡೆಂಟೂ ಹೋಗಿ ಮಾತಾಡ್ಸಿರಲ್ಲ. ನಾವು ಹೋಗಿ ಕೇಳಿದ್ದು ಒಂದೇ, ರಾತ್ರಿ ಎರಡು ಗಂಟೆಗೆ ಒಂದೊಂದು ಬಿಲ್ಡಿಂಗಲ್ಲಿ ಎಷ್ಟು ಲೋಡ್ ಇರುತ್ತೆ ಅಂತ. ಯಾರೂ ಇಲ್ದೇ ಇರೋ ಹೊತ್ತಲ್ಲೂ ಓಡ್ತಾ ಇರುತ್ತಲ್ಲ, ಖಾಲಿ ಕ್ಲಾಸಿನ ಎಸಿ, ಎಕ್ಸಾಸ್ಟು, ವಾಟರ್ ಕೂಲರ್ರು, ಆಫ್ ಮಾಡದ ಕಂಪ್ಯೂಟರ್ ಲ್ಯಾಬು, ಅಲ್ಲೇ ಇರೋದು ಸುಲಭದ ಉಳಿತಾಯ, ಯಾಕಂದ್ರೆ ಅದನ್ನ ನಿಲ್ಸಿದ್ರೆ ಯಾರಿಗೂ ತೊಂದ್ರೆ ಆಗಲ್ಲ, ಜಗಳಕ್ಕೂ ಯಾರೂ ಬರಲ್ಲ. ಫ್ಯಾನು ಇನ್ನೊಂದು. ಹಳೇ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತೆ, ಬಿಎಲ್‌ಡಿಸಿ ಅಂತ ಕಮ್ಮಿ ಕರೆಂಟ್ ತಿನ್ನೋ ಹೊಸ ಥರದ ಮೋಟರಿನ ಫ್ಯಾನು 30ರ ಆಸುಪಾಸು. ಇರೋದನ್ನೆಲ್ಲ ಕಿತ್ತು ಬಿಸಾಕಿ ಅಂದ್ರೆ ಯಾರೂ ಒಪ್ಪಲ್ಲ, ಕೆಟ್ಟೋದಾಗ ಹೊಸದು ಇಂಥದ್ದೇ ತರಬೇಕು ಅಂತ ಪರ್ಚೇಸ್ ರೂಲಲ್ಲಿ ಒಂದು ಸಾಲು ಸೇರಿಸ್ಸಿ, ಸಾಕು.

ಬೀಕರ್ ತೊಳೆಯೋಳು: ಕೆಮಿಸ್ಟ್ರಿ ಅಂದ್ರಲ್ಲ, ಹಂಗಾದ್ರೆ ಹೊರಗೆಲ್ಲೂ ಹೋಗ್ಬೇಡಮ್ಮ, ನಿನ್ನ ಲ್ಯಾಬಲ್ಲೇ ಬೇಕಾದಷ್ಟಿದೆ. ರಿಫ್ಲಕ್ಸ್ ಇಟ್ಟು, ಅಂದ್ರೆ ಆವಿ ತಣಿದು ಮತ್ತೆ ಫ್ಲಾಸ್ಕಿಗೇ ಬೀಳೋ ಹಂಗೆ ಗಂಟೆಗಟ್ಟಲೆ ಕುದಿಯೋಕೆ ಬಿಟ್ಟು, ಆ ಆವಿ ತಣಿಸೋ ಕಂಡೆನ್ಸರ್ ನೀರನ್ನ ನಲ್ಲಿಯಿಂದ ಸೀದಾ ಸಿಂಕಿಗೆ ಬಿಟ್ಟು ಮನೆಗೆ ಹೋಗೋರು ಎಲ್ಲಾ ಡಿಪಾರ್ಟ್‌ಮೆಂಟಲ್ಲೂ ಇದಾರೆ. ನಿಮಿಷಕ್ಕೆ ಒಂದೇ ಲೀಟರ್ ಅಂತ ಇಟ್ಕೊಂಡ್ರೂ 12 ಗಂಟೇಲಿ 720 ಲೀಟರ್, ಕುಡಿಯೋ ನೀರು, ಸುಮ್ನೆ ಚರಂಡಿಗೆ. ಬಕೆಟ್ಟಲ್ಲಿ ಮುಳುಗಿಸೋ ಸಣ್ಣ ಪಂಪ್ ಇಟ್ಟು ಅದೇ ನೀರನ್ನ ಸುತ್ತಿಸ್ಬಹುದು.

ಆಮೇಲೆ ಸ್ಯಾಂಪಲ್ ಇಡೋ ಮೈನಸ್ 80 ಡಿಗ್ರಿ ಫ್ರೀಜರ್ರು. ಅದನ್ನ ಮೈನಸ್ 70ಕ್ಕೆ ಇಟ್ರೆ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಕರೆಂಟ್ ಉಳಿಯುತ್ತೆ, ತುಂಬಾ ಸ್ಯಾಂಪಲ್‌ಗಳು ಅಲ್ಲಿ ಆರಾಮಾಗಿರ್ತವೆ, ಆದ್ರೆ ಗೈಡ್‌ನ ಕೇಳದೆ ಮುಟ್ಬೇಡ, ಅವ್ರ ಹತ್ತು ವರ್ಷದ ಸ್ಯಾಂಪಲ್ ಅದರೊಳಗಿರುತ್ತೆ. ಇನ್ನು ಫ್ಯೂಮ್ ಹುಡ್ (ವಿಷದ ಹೊಗೆ ಹೊರಗೆಳೆಯೋ ಗಾಜಿನ ಬಾಗಿಲಿನ ಗೂಡು) ಗಾಜು ಇಳಿಸಿ ಅಂತ ಎಲ್ಲಾ ಕಡೆ ಸ್ಟಿಕ್ಕರ್ ಅಂಟಿಸ್ತಾರೆ, ಹಾರ್ವರ್ಡ್‌ನಲ್ಲಿ ಇದಕ್ಕೇ ಅಂತ ದೊಡ್ಡ ಅಭಿಯಾನ ಇದೆ. ಒಂದು ವಿಷಯ ಮಾತ್ರ ಯಾರೂ ಹೇಳಲ್ಲ, ಗಾಜು ಇಳಿಸಿದಂಗೆ ಗಾಳಿ ಎಳೆಯೋದೂ ಕಮ್ಮಿ ಆಗೋ ಹುಡ್ ಆದ್ರೆ ಮಾತ್ರ ಕರೆಂಟ್ ಉಳಿಯೋದು, ಹಳೇ ಥರದ್ದು ಇಳಿಸಿದ್ರೂ ಅಷ್ಟೇ ಗಾಳಿ ಎಳೀತಾ ಇರುತ್ತೆ. ಸೇಫ್ಟಿಗೋಸ್ಕರ ಹೆಂಗೂ ಇಳಿಸ್ಲೇಬೇಕು ಬಿಡು, ಆದ್ರೆ ಲೆಕ್ಕ ತೋರ್ಸೋಕೆ ಮುಂಚೆ ನಿಮ್ದು ಯಾವ ಥರದ್ದು ಅಂತ ಕೇಳ್ಕೋ. ಲಂಡನ್ನಿನ ಯುಸಿಎಲ್ ಯೂನಿವರ್ಸಿಟಿಯೋರು ಲೀಫ್ ಅಂತ ಒಂದು ಸ್ಕೀಮ್ ಮಾಡಿದಾರೆ, ಲ್ಯಾಬುಗಳಿಗೆ ಕಂಚು ಬೆಳ್ಳಿ ಚಿನ್ನ ಅಂತ ದರ್ಜೆ ಕೊಡ್ತಾರೆ. ಪ್ರೊಫೆಸರ್‌ಗಳಿಗೆ ಪದಕ ಅಂದ್ರೆ ಆಸೆ, ಕೆಲಸಕ್ಕೆ ಬರುತ್ತೆ.

ಜ್ವಾಳದ ದಂಟು: ಹಾಸ್ಟೆಲ್ ಮೆಸ್ ಮರೀಬ್ಯಾಡ್ರಿ. "ಊಟ ಚೆಲ್ಲಬೇಡಿ" ಅಂತ ಬೋರ್ಡ್ ಹಾಕಿದ್ರ ಏನೂ ಆಗಂಗಿಲ್ರಿ. ತಾಟಿನಾಗ ಉಳಿದಿದ್ದು ಬ್ಯಾರೆ, ಅಡಗಿ ಮನ್ಯಾಗ ಹೆಚ್ಚಾಗಿ ಉಳಿದಿದ್ದು ಬ್ಯಾರೆ ತೂಕ ಮಾಡ್ರಿ. ನಮ್ಮಲ್ಲಿ ಎರಡನೇದ ಜಾಸ್ತಿ ಇತ್ತು, ಯಾಕಂದ್ರ ನಾಳೆ ಎಷ್ಟು ಮಂದಿ ಉಣ್ಣಾಕ ಬರ್ತಾರ ಅಂತ ಅಡಗಿಯವರಿಗೆ ಯಾರೂ ಹೇಳ್ತಿರಲಿಲ್ಲ, ಪಾಪ ಅವರು ಕಡಿಮಿ ಬಿದ್ದರ ಬೈಸ್ಕೋಬೇಕಲ್ಲ ಅಂತ ಹೆಚ್ಚಿಗಿ ಮಾಡ್ತಿದ್ರು. ಹಿಂದಿನ ದಿನನ ಹೆಸರು ಬರಿಸೋ ಪದ್ಧತಿ ತಂದ್ವಿ, ಭಾಳ ಕಡಿಮಿ ಆತು. ಉಳಿದಿದ್ದು ಗೊಬ್ಬರಕ್ಕ. ಬರೇ ಅಡಗಿ ಕಸ ಹಾಕಿದ್ರ ನಾತ ಹೊಡೀತದ, ಕಾರ್ಬನ್ ನೈಟ್ರೋಜನ್ 25-30ಕ್ಕ 1 ಇರಬೇಕು, ಅಂದ್ರ ಒಣ ಎಲಿ ಸಾಕಷ್ಟು ಕೂಡಿಸ್ರಿ. ಆ ಎಲಿ ಗುಡಿಸಿ ಬೆಂಕಿ ಹಚ್ಚತಿರ್ತಾರ ನೋಡ್ರಿ, ಅದೂ ನಿಲ್ಲತದ.

ನಿಷ್ಠುರವಾದಿ: ಇವೆಲ್ಲ ಚೆನ್ನಾಗಿದೆ, ಆದ್ರೆ ಬಕೆಟ್ ಪಂಪಿಂದ ಯೂನಿವರ್ಸಿಟಿ ಬದಲಾಗಲ್ಲ ಸ್ವಾಮಿ. ದುಡ್ಡು ಎಲ್ಲಿ ಹಾಕಿದಾರೆ ಕೇಳಿ. ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನ ಹುಡುಗ್ರು 2011ರಲ್ಲಿ ಕಲ್ಲಿದ್ದಲು ತೈಲ ಕಂಪನಿಗಳಿಂದ ಕಾಲೇಜಿನ ಹಣ ತೆಗೀರಿ ಅಂತ ಶುರು ಮಾಡಿದ್ರು, ಆ ಕಾಲೇಜು ಒಪ್ಪಲಿಲ್ಲ, ಆದ್ರೆ ಚಳವಳಿ ಬೇರೆ ಕಡೆ ಹಬ್ತು, ಹಾರ್ವರ್ಡ್ ಕೂಡ 2021ರಲ್ಲಿ ಮಣೀತು. ಹತ್ತು ವರ್ಷ! ಶುರು ಮಾಡಿದೋರು ಯಾರೂ ಆಗ ಕ್ಯಾಂಪಸ್ಸಲ್ಲಿ ಇರಲಿಲ್ಲ.

ಮೀಟರ್ ಬೋರ್ಡು: ನಿಷ್ಠುರವಾದಿ ಅವ್ರೇ, ಒಪ್ತೀನಿ, ಆದ್ರೆ ಕೇಳೋಕೆ ಹೋದಾಗ ಕೈಯಲ್ಲಿ ನಂಬರ್ ಇಲ್ದಿದ್ರೆ ಟೀ ಕೊಟ್ಟು ಕಳಿಸ್ತಾರೆ. ಪರಿಸರ ಕಾಪಾಡ್ತೀವಿ ಅಂತ ವಿವಿಗಳು ಮಾತು ಕೊಡೋ 1990ರ ಟಲ್ವಾರ್ ಘೋಷಣೆ ಅಂತಿದೆ, ಅದಕ್ಕೆ ಎಷ್ಟೋ ವಿವಿಗಳು ಸಹಿ ಹಾಕಿವೆ, ಇಂಡೋನೇಷ್ಯಾ ವಿವಿ 2010ರಿಂದ ನಡೆಸೋ ಗ್ರೀನ್‌ಮೆಟ್ರಿಕ್ ಅನ್ನೋ ಹಸಿರು ಕ್ಯಾಂಪಸ್ ರ‍್ಯಾಂಕಿಂಗಿಗೂ ಸುಮಾರು ಕಡೆ ಡೇಟಾ ಕಳಿಸ್ತಾರೆ. ನಿಮ್ಮವರೂ ಹಾಗೇನಾದ್ರೂ ಮಾಡಿದ್ರೆ ಆ ಕಾಗದ ಹುಡುಕಿ, "ನೀವೇ ಹೀಗೆ ಬರೆದಿದೀರಲ್ಲ ಸರ್" ಅಂತ ಕೇಳಿ. ಅದಕ್ಕೆ ಉತ್ತರ ಕೊಡೋಕೆ ಕಷ್ಟ ಆಗುತ್ತೆ ಅವ್ರಿಗೆ.

ಓದುಗ ಮಾತ್ರ: ಓದು ಕೆಡಬಾರ್ದು ಅಂದ್ರಿ, ಅದಕ್ಕೆ ಒಂದೇ ದಾರಿ, ಇದನ್ನೇ ಪ್ರಾಜೆಕ್ಟ್ ಮಾಡ್ಕೊಳ್ಳಿ. ಕ್ರೆಡಿಟ್ಟೂ ಸಿಗುತ್ತೆ, ಗೈಡ್ ಸಹಿ ಇದ್ರೆ ಆಫೀಸಲ್ಲಿ ಡೇಟಾನೂ ಬೇಗ ಕೊಡ್ತಾರೆ. ಲೆಕ್ಕದ ಶೀಟು, ಫೋನ್ ನಂಬರು ಎಲ್ಲಾ ಒಂದ್ಕಡೆ ಇಟ್ಟು ಜೂನಿಯರ್ ಒಬ್ರನ್ನ ಮೊದಲ ಸೆಮಿಸ್ಟರಿಂದ್ಲೇ ಜೊತೇಲಿ ಹಾಕ್ಕೊಳ್ಳಿ.

ಹೊಸ ಚಿಗುರು: ತುಂಬಾ ಥ್ಯಾಂಕ್ಸ್ ಎಲ್ರಿಗೂ. ಕಂಡೆನ್ಸರ್ರಿಂದ ಶುರು ಮಾಡ್ತೀನಿ. ಅಕ್ಕಾ, ಒಂದು ಪಂಪಿಗೆ ಇಬ್ರು ಮೂವರು ಹಾಕ್ಕೋಬಹುದಾ?

ಬೀಕರ್ ತೊಳೆಯೋಳು: ಹಾಕ್ಕೋಬಹುದು, ಒಂದರಿಂದ ಒಂದಕ್ಕೆ ಟ್ಯೂಬ್ ಎಳೀರಿ. ನೀರು ಬಿಸಿ ಆಗ್ತಾ ಬರುತ್ತೆ, ಐಸ್ ಹಾಕ್ತಾ ಇರ್ಬೇಕು, ಈಥರ್ ಥರ ಬೇಗ ಆವಿ ಆಗೋದಕ್ಕೆ ಇದನ್ನ ನಂಬ್ಬೇಡ. ಟ್ಯೂಬಿಗೆ ಕ್ಲಿಪ್ ಹಾಕೋದು ಮರೀಬೇಡ, ರಾತ್ರಿ ಕಿತ್ಕೊಂಡ್ರೆ ಬೆಳಿಗ್ಗೆ ನೆಲ ಒರೆಸೋಳು ನೀನೇ.