ಪರ್ಶಿಯನ್ ಹಸಿರುನೀಲಿ ಗ್ಲೇಜ್ (ಗಾಜಿನಂಥ ಹೊಳಪು ಲೇಪ) ಕೆಂಪು ಮಣ್ಣಿನ ಮೇಲೆ ಎಲೆಹಸಿರಾಗುತ್ತದೆ, ಯಾಕೆ?

ಸಿರ್ಸಿ_ಮಣ್ಣು:
ಇರಾನಿನ ಕಾಶಾನ್ ಊರಿನ 12–13ನೇ ಶತಮಾನದ ಒಂದೇ ಬಣ್ಣದ ಬಟ್ಟಲುಗಳ ಹಸಿರುನೀಲಿ ಬೇಕು. ಊರಿನ ಕೆಂಪು ಜೇಡಿಮಣ್ಣು, ಸೀಸದ ಫ್ರಿಟ್ (ಕರಗಿಸಿ ಪುಡಿಮಾಡಿದ ಗಾಜು), ಶೇ. 3 ಕಾಪರ್ ಕಾರ್ಬೊನೇಟ್, ಕರೆಂಟಿನ ಭಟ್ಟಿಯಲ್ಲಿ 1000 ಡಿಗ್ರಿ. ಬರುವುದು ಎಲೆಹಸಿರೇ. ಚೀನಾದ ಮಸುಕು ಹಸಿರು ಗ್ಲೇಜ್ ಆದ ಸೆಲಡಾನ್‌ಗೆ ಹಾಕುವಂತೆ ಕಬ್ಬಿಣ ಸೇರಿಸಬೇಕೇ? ಬೆಣಚುಕಲ್ಲಿನ ಪುಡಿಯ ಬದಲು ಕಾರವಾರದ ಕಡಲ ಮರಳು ಆದೀತೇ?

ಕುಮಟಾ_ಆವಿಗೆ:
ಕಬ್ಬಿಣ ಬೇಡವೇ ಬೇಡ. ತಾಮ್ರ ಸೀಸದ ಗ್ಲೇಜಿನಲ್ಲಿ ಹಸಿರು, ಸೋಡಾ ಹೆಚ್ಚಿರುವ ಗ್ಲೇಜಿನಲ್ಲಿ ಹಸಿರುನೀಲಿ. ಕಾಶಾನಿನವರು ಉಪ್ಪುನೆಲದ ಗಿಡ ಸುಟ್ಟು ಸೋಡಾ ತೆಗೆಯುತ್ತಿದ್ದರು. ಸೋಡಾ ಫ್ರಿಟ್ 85, ಬೆಣಚು ಪುಡಿ 10, ಚೀನಿಮಣ್ಣು 5, ಮೇಲಿಂದ ಕಾಪರ್ ಕಾರ್ಬೊನೇಟ್ 3, ಇಷ್ಟರಿಂದ ಶುರುಮಾಡಿ. ಚೀನಿಮಣ್ಣು ಹೆಚ್ಚಾದರೆ ಅದರ ಅಲ್ಯುಮಿನಾದಿಂದ ಬಣ್ಣ ಮತ್ತೆ ಹಸಿರಿಗೆ ವಾಲುತ್ತದೆ. ಹಸಿ ವಾಷಿಂಗ್ ಸೋಡಾ ಸುರಿಯಬೇಡಿ. ನೀರಲ್ಲಿ ಕರಗಿ, ಒಣಗುವಾಗ ಅಂಚಿಗೆ ಹೋಗಿ ಕೂರುತ್ತದೆ.

ಕೆಂಪು ಮಣ್ಣಿನ ಕಬ್ಬಿಣವೂ ಗ್ಲೇಜಿಗೆ ಇಳಿಯುತ್ತದೆ, ನಡುವೆ ಬಿಳಿ ಲೇಪ ಬೇಕು. ಕಾಶಾನಿನ ಕುಂಬಾರ ಮನೆತನದ ಅಬುಲ್ ಕಾಸಿಂ 1301ರಲ್ಲಿ ಬರೆದಿಟ್ಟ ಬಟ್ಟಲಿನ ಹದವೇ ಲೇಪಕ್ಕೂ ಸಾಕು: ಬೆಣಚು ಪುಡಿ 10 ಪಾಲು, ಗಾಜಿನ ಫ್ರಿಟ್ 1, ಬಿಳಿ ಮಣ್ಣು 1. ಬಟ್ಟಲನ್ನೇ ಇದರಲ್ಲಿ ಮಾಡುವುದಾದರೆ ಅಚ್ಚಿಗೆ ಒತ್ತಿ. ಜಿಗುಟಿಲ್ಲದ್ದರಿಂದ ತಿಗರಿಯ ಮೇಲೆ ಸುಲಭಕ್ಕೆ ಏಳುವುದಿಲ್ಲ. ಸೋಡಾ ಗ್ಲೇಜ್ ಆರುವಾಗ ಬಹಳ ಕುಗ್ಗುತ್ತದೆ, ಕೆಂಪು ಮಣ್ಣು ಅಷ್ಟು ಕುಗ್ಗದು, ಹಾಗಾಗಿ ಕೂದಲೆಳೆಯ ಬಿರುಕು. ಬೆಣಚಿನ ಬಟ್ಟಲಿನಲ್ಲಿ ಈ ತೊಂದರೆ ಕಡಿಮೆ.

ಹೊನ್ನಾವರ_ಬಂದರು:
ಚೀನಾದಿಂದ ಬಂದದ್ದು ಆಕಾರ, ತೆಳುವು, ಬಿಳುಪು. ಸಾಂಗ್ ಕಾಲದ ಪಿಂಗಾಣಿ ನೋಡಿ ಇರಾನಿನವರು ಬೆಣಚಿನ ಬಟ್ಟಲಿಗೆ ಕೈಹಾಕಿದರು. ಹಸಿರುನೀಲಿ ಮಾತ್ರ ಆ ನಾಡಿನಲ್ಲಿ ಇಸ್ಲಾಮಿಗೂ ಹಿಂದಿನಿಂದ ಇದ್ದ ಬಣ್ಣ, ಅದರ ಮೂಲ ಚೀನಾದಲ್ಲಿ ಹುಡುಕಿದರೆ ಸಿಗದು. ಸೆಲಡಾನ್ ಬೇರೆಯೇ ಕೆಲಸ: ಶೇ. 1–2 ಕಬ್ಬಿಣ, ಗಾಳಿ ಹೆಚ್ಚು ಬಾರದಂತೆ ಕಟ್ಟಿದ ಭಟ್ಟಿ, 1250 ಡಿಗ್ರಿಯ ಆಸುಪಾಸು. ಚೀನಾದ ಸೆಲಡಾನ್ ಊರಾದ ಲಾಂಗ್‌ಚ್ವಾನ್‌ನ ಜೋಡಿಮೀನಿನ ತಟ್ಟೆಯನ್ನು ಇರಾನಿನವರೂ ಮಾಡಿದರು, ಆದರೆ ಬೆಣಚಿನ ಮೈಯಲ್ಲಿ. ಮುರಿದ ಅಂಚು ನೋಡಿದರೆ ಗೊತ್ತಾಗುತ್ತದೆ: ಇರಾನಿನದು ಸಕ್ಕರೆಯಂತೆ ತರಿತರಿ, ಚೀನಾದ್ದು ಬಿಗಿ, ನುಣುಪು. ಕಾಶಾನಿನ ಹಲವು ಬಟ್ಟಲುಗಳಲ್ಲಿ ಗ್ಲೇಜ್ ಪಾದದ ಮೇಲೆಯೇ ದಪ್ಪ ಹನಿಯಾಗಿ ನಿಂತಿರುತ್ತದೆ.

ಕಾರವಾರ_ಕಡಲು:
ಕಡಲ ಮರಳು ಬೇಡ. ಅದರಲ್ಲಿ ಚಿಪ್ಪಿನ ಚೂರು, ಕಬ್ಬಿಣದ ಕರಿ ಕಣ. ತೊಳೆದರೆ ಹೋಗುವುದು ಉಪ್ಪು ಮಾತ್ರ. ಚಿಪ್ಪು ಸುಟ್ಟು ಸುಣ್ಣವಾಗುತ್ತದೆ, ಮಳೆಗಾಲದ ತೇವಕ್ಕೆ ಉಬ್ಬಿ ಬಟ್ಟಲಿನ ಮೈ ಚಕ್ಕೆ ಏಳುತ್ತದೆ. 200 ಮೆಶ್ ಜರಡಿಯ ನುಣ್ಣನೆಯ ಬೆಣಚು ಪುಡಿ ಕೊಳ್ಳಿ, ಮಾಸ್ಕ್ ಹಾಕಿಯೇ ಕಲಸಿ, ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಸಿರ್ಸಿ_ಮಣ್ಣು:
ಬಿಳಿ ಲೇಪ ಎಷ್ಟು ದಪ್ಪ?

ಕುಮಟಾ_ಆವಿಗೆ:
ಅರ್ಧ ಮಿಲಿಮೀಟರ್, ಬಟ್ಟಲು ಅರೆ ಒಣಗಿದಾಗಲೇ. ಅದಕ್ಕಿಂತ ದಪ್ಪವಾದರೆ ಅಂಚಿನಲ್ಲಿ ಸಿಪ್ಪೆಯಂತೆ ಏಳುತ್ತದೆ. ಈ ಗ್ಲೇಜಿನ ಬಟ್ಟಲಲ್ಲಿ ಅಪ್ಪೆಹುಳಿ, ಉಪ್ಪಿನಕಾಯಿ ಇಡಬೇಡಿ, ಹುಳಿಗೆ ತಾಮ್ರ ಬಿಡುತ್ತದೆ. ಸೀಸದ ಫ್ರಿಟ್‌ನವನ್ನು ಊಟಕ್ಕೇ ಬಳಸಬೇಡಿ.