ಮನೆಯಲ್ಲಿ ಯಾರೂ ಅಕ್ಕಸಾಲಿಗರಲ್ಲ, ಒಡವೆ ಕೆಲಸ ಕಲಿಯೋದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು, ಹಾಸನ
ಡಿಗ್ರಿ ಮುಗಿದಿದೆ. ಪರಿಚಯದ ಆಚಾರ್ರೊಬ್ಬರು "ಬಂದು ಕೂತು ಕಲಿ, ಮೊದಮೊದಲು ಸಂಬಳ ಇಲ್ಲ" ಅಂದಿದ್ದಾರೆ. ಬೆಂಗಳೂರಿಗೆ ಹೋಗಿ ಫೀಸು ಕಟ್ಟಿ ಕೋರ್ಸ್ ಮಾಡೋಣ ಅಂತಲೂ ಯೋಚನೆ ಇದೆ. ಯಾವುದು ಒಳ್ಳೆಯದು? ಈ ಕೆಲಸದಲ್ಲಿ ಹುಡುಗಿಯರು ಇದ್ದೀರಾ?

ಉಡುಪಿಯ ಅಕ್ಕಸಾಲಿಗ
ಆಚಾರ್ರ ಹತ್ತಿರ ಹೋಗು ತಂಗಿ. ಆದರೆ ಕೈಗೆ ಕೆಲಸ ಯಾವಾಗ ಕೊಡ್ತೀರಿ ಅಂತ ಮೊದಲೇ ಕೇಳಿಕೋ. ಟೀ ತರೋದು, ಪಾಲಿಶ್ ಹಾಕೋದು, ಅಂಗಡಿಗೆ ಒಡವೆ ಮುಟ್ಟಿಸೋದು, ಇದರಲ್ಲೇ ವರ್ಷ ಕಳೆಯುವ ಜಾಗಗಳೂ ಇವೆ. ಬೆಳ್ಳಿ ತಂತಿ ಕೊಟ್ಟು ಕಾಲುಂಗುರ ಮಾಡಿಸುವವರು ಸಿಕ್ಕರೆ ಬಿಡಬೇಡ.

ಬೆಳ್ಳಿ ಅಗ್ಗ ಅನ್ನೋದಕ್ಕಷ್ಟೇ ಹೇಳ್ತಿಲ್ಲ, ಉರಿ ಹಿಡಿಯೋದನ್ನು ಕಲಿಸುವುದೇ ಅದು. ತಂತಿಯ ಎರಡೂ ತುದಿ ಅರದಲ್ಲಿ ಉಜ್ಜಿ ಸೇರಿಸು. ಬೆಳಕಿಗೆ ಹಿಡಿದರೆ ಸಂದು ಕಾಣಬಾರದು. ಬಿಳಿಗಾರ (ಬೋರಾಕ್ಸ್) ಹಚ್ಚಿ ಬೆಸುಗೆಯ ತುಣುಕು ಇಡು. ಬೆಳ್ಳಿಯಲ್ಲಿ ಬಿಸಿ ಒಂದು ಕಡೆ ನಿಲ್ಲೋದಿಲ್ಲ, ಹರಡಿಬಿಡುತ್ತದೆ. ಹಾಗಾಗಿ ಸಂದಿಗೆ ಮಾತ್ರ ಉರಿ ಕೊಟ್ಟರೆ ಆಗಲ್ಲ, ಇಡೀ ಉಂಗುರ ಕಾಯಬೇಕು. ಬಿಳಿಗಾರ ಹಪ್ಪಳದ ಹಾಗೆ ಉಬ್ಬಿ ತುಣುಕನ್ನು ಪಕ್ಕಕ್ಕೆ ತಳ್ಳುತ್ತದೆ. ಗಾಬರಿ ಬೇಡ, ಕಡ್ಡಿಯಿಂದ ಮತ್ತೆ ಜಾಗಕ್ಕೆ ಸರಿಸು. ಬೆಸುಗೆ ಕರಗಿತು ಅಂದರೆ ಬಿಸಿ ಜಾಸ್ತಿ ಇರುವ ಕಡೆಗೇ ಓಡುತ್ತದೆ. ಸಂದಿಯಲ್ಲಿ ಫಳಕ್ ಅಂತ ಹೊಳೆದ ತಕ್ಷಣ ಉರಿ ತೆಗಿ. ತಡಮಾಡಿದರೆ ಉಂಗುರವೇ ಕರಗಿ ಗುಂಡಾಗುತ್ತದೆ. ಇದನ್ನು ಪಕ್ಕದಲ್ಲಿ ಕೂತವರು ಹೇಳಿಕೊಡಬೇಕು, ವಿಡಿಯೋ ನೋಡಿ ಬರಲ್ಲ.

ನಗರ್ತಪೇಟೆ, ಬೆಂಗಳೂರು
ಮೇಲಿನವರು ಹೇಳಿದ್ದು ಸರಿ. ಚಿನ್ನ ಕೈಗೆ ಬಂದ ದಿನದಿಂದ ಲೆಕ್ಕ ಬರೆದಿಡಿ. 10 ಗ್ರಾಂ ಕೊಟ್ಟರು ಅಂದುಕೊಳ್ಳಿ. ಆದ ಒಡವೆ, ಉಳಿದ ಚೂರು, ಅರದ ಪುಡಿ ಮೂರನ್ನೂ ತೂಗಿ ವಾಪಸ್ ಕೊಡಬೇಕು. ಕೆಲಸದಲ್ಲಿ ಸ್ವಲ್ಪ ಸವೆದೇ ಸವೆಯುತ್ತದೆ. ಎಷ್ಟು ಸವಕಳಿ ಒಪ್ಪುತ್ತಾರೆ, ಅದಕ್ಕಿಂತ ಜಾಸ್ತಿ ಹೋದರೆ ಯಾರ ತಲೆ ಮೇಲೆ ಅಂತ ಮೊದಲೇ ಮಾತಾಡಿ. ನಾನು ಮೊದಲು ಕಲಿತ ಕಡೆ ಈ ಮಾತು ಎತ್ತಿದವರೇ ಇರಲಿಲ್ಲ, ತೂಕ ಕಮ್ಮಿಯಾದಾಗಲೆಲ್ಲ ಹುಡುಗರ ಸಂಬಳಕ್ಕೇ ಕತ್ತರಿ. ಕೆಲಸದ ಕೋಣೆಯ ಕಸವನ್ನೂ ಯಾರೂ ಬಿಸಾಡಲ್ಲ, ಅದನ್ನು ಕೊಂಡು ಚಿನ್ನ ತೆಗೆಯುವವರೇ ಬೇರೆ ಇದ್ದಾರೆ.

ಈಗಲೂ ಕೆಡಿಎಂ ಬೆಸುಗೆ ಹಾಕುವ ಕಡೆ ಕೂರಬೇಡಿ. ಅದರಲ್ಲಿರೋದು ಕ್ಯಾಡ್ಮಿಯಂ, ಹೊಗೆ ಶ್ವಾಸಕೋಶಕ್ಕೆ ವಿಷ.

ಮೈಸೂರು
ಹುಡುಗಿಯರು ಇದ್ದೇವೆ, ಕಮ್ಮಿ ಅಷ್ಟೇ. ನಾನು ಕಲ್ಲು ಕೂರಿಸುವ ಕೆಲಸ ಮಾಡ್ತೀನಿ. ಕೋರ್ಸನ್ನು ಪೂರ್ತಿ ತಳ್ಳಿಹಾಕಬೇಡಿ. ಕಂಪ್ಯೂಟರಿನಲ್ಲಿ ಡಿಸೈನ್ ಮಾಡೋದು, ಮೇಣದ ಅಚ್ಚು, ಎರಕ, ಇದನ್ನು ಹಳೇ ಆಚಾರ್ರು ಕಲಿಸೋದು ಅಪರೂಪ. ಸಾದಾ ಸರಗಳನ್ನು ಮಷೀನೇ ಮಾಡ್ತಿದೆ. ಕಲ್ಲು ಕೂರಿಸೋದು, ರಿಪೇರಿ ಇನ್ನೂ ಕೈಕೆಲಸವೇ, ನನ್ನ ಓಟು ಅದಕ್ಕೆ. ಮೊದಲು ಆಚಾರ್ರ ಹತ್ತಿರ ಕೈ ಕೂರಲಿ, ಆಮೇಲೆ ಕೋರ್ಸ್ ಮಾಡಿ. ಅಷ್ಟರಲ್ಲಿ ಏನು ಕೇಳಬೇಕು ಅಂತ ಗೊತ್ತಾಗಿರುತ್ತದೆ. ಮತ್ತೆ, ಕೂರುವ ಜಾಗದಲ್ಲಿ ಕಿಟಕಿ, ಶೌಚಾಲಯ ಇದೆಯಾ ನೋಡಿಕೊಳ್ಳಿ. ಇದನ್ನು ಗಂಡಸರು ಯಾರೂ ಹೇಳಲ್ಲ.

ಹುಬ್ಬಳ್ಳಿ
ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ನಮ್ಮದೂ ಇದೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿವರೆಗೆ ಕೊಡ್ತಾರೆ. ಆದರೆ ಅದು ಈಗಾಗಲೇ ಸ್ವಂತವಾಗಿ ಈ ಕಸುಬು ಮಾಡುವವರಿಗೆ. ಹೊಸಬರು ಅದನ್ನು ನಂಬಿಕೊಂಡು ಶುರು ಮಾಡಬೇಡಿ.

ಕೇಳಿದವರು, ಹಾಸನ
ಎಲ್ಲರಿಗೂ ಥ್ಯಾಂಕ್ಸ್. ಆಚಾರ್ರ ಹತ್ತಿರವೇ ಹೋಗ್ತೀನಿ, ಸವಕಳಿ ಮಾತೂ ಕೇಳ್ತೀನಿ. ಮನೆಯಲ್ಲಿ ಅಭ್ಯಾಸಕ್ಕೆ ಏನೇನು ಕೊಳ್ಳಲಿ?

ಉಡುಪಿಯ ಅಕ್ಕಸಾಲಿಗ
ಈಗಲೇ ಸೆಟ್ ಕೊಳ್ಳಬೇಡ. ಗರಗಸದ ಚೌಕಟ್ಟು, ಒಂದಿಷ್ಟು ಬ್ಲೇಡ್, ಎರಡು ಅರ, ತಾಮ್ರದ ತಗಡು ಸಾಕು. ಬ್ಲೇಡಿನ ಹಲ್ಲು ಕೆಳಮುಖವಾಗಿರಲಿ, ಜೇನುಮೇಣ ಸವರಿಕೋ. ತಗಡಿನ ಮೇಲೆ ಗೆರೆ ಎಳೆದು ಅದರ ಮೇಲೇ ಕೊಯ್ಯಿ. ಬ್ಲೇಡ್ ಮುರಿಯುತ್ತಲೇ ಇರುತ್ತದೆ, ಡಜನ್‌ಗಟ್ಟಲೆ ತಂದಿಟ್ಟುಕೋ.