ಮೈಗಂಟಿದ ರವಿಕೆಯನ್ನು ಡಿಸ್‌ಪ್ಲೇಸ್‌ಮೆಂಟ್ ಮ್ಯಾಪ್‌ನಿಂದಲೇ ಮೂಡಿಸಬಹುದೇ?

ಪ್ರಶ್ನೆ – ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ರೇಷ್ಮೆ ನೂಲು ಬಿಚ್ಚುವ ಕೆಲಸವನ್ನು ತೋರಿಸುವ ಕಿರು ಅನಿಮೇಷನ್‌ಗಾಗಿ, ಬಿಸಿನೀರಿನ ತೊಟ್ಟಿಯ ಮುಂದೆ ಕುಳಿತು ಗೂಡುಗಳಿಂದ ಎಳೆ ಹಿಡಿಯುವ ಹೆಂಗಸಿನ ಆಕೃತಿಯೊಂದನ್ನು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಸಿದ್ಧಪಡಿಸುತ್ತಿದ್ದೇನೆ. ಸೀರೆಯನ್ನು ಕ್ಲಾತ್ ಸಿಮ್ಯುಲೇಷನ್‌ನಿಂದ (ಬಟ್ಟೆಯ ಚಲನೆಯನ್ನು ಲೆಕ್ಕಹಾಕಿ ಮೂಡಿಸುವ ವಿಧಾನ) ಮಾಡಿದ್ದಾಗಿದೆ. ರವಿಕೆಗೂ ಬೇರೆ ಮೆಶ್ (ಸಣ್ಣ ಮುಖಗಳನ್ನು ಜೋಡಿಸಿದ ಬಲೆಯಂತಹ ಮೇಲ್ಮೈ) ಮಾಡಿದರೆ ಕೈ ಆಡಿದಾಗಲೆಲ್ಲ ತೋಳಿನ ಚರ್ಮ ಬಟ್ಟೆಯಿಂದ ಹೊರಗೆ ಇಣುಕುತ್ತದೆ. ಆದ್ದರಿಂದ ಮೈಯ ಟೆಕ್ಸ್‌ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಮೇಲೆಯೇ ರವಿಕೆಯನ್ನು ಬರೆದು, ಡಿಸ್‌ಪ್ಲೇಸ್‌ಮೆಂಟ್ ಮ್ಯಾಪ್‌ನಿಂದ (ಬೂದುಬಣ್ಣದ ಮಟ್ಟಕ್ಕೆ ತಕ್ಕಂತೆ ಮೇಲ್ಮೈಯನ್ನು ಎತ್ತುವ, ತಗ್ಗಿಸುವ ಚಿತ್ರ) ಅದರ ದಪ್ಪವನ್ನು ಮೇಲೆತ್ತಲು ಹೊರಟಿದ್ದೇನೆ.

ಮ್ಯಾಪ್‌ನಲ್ಲಿ ಬರಿಮೈಗೆ ಕಪ್ಪನ್ನೂ ರವಿಕೆಗೆ ನಡುಬೂದುವಿಗಿಂತ ಕೊಂಚ ತಿಳಿಯಾದ ಬಣ್ಣವನ್ನೂ ಕೊಟ್ಟು ಜೆಪೆಗ್ ಆಗಿ ಉಳಿಸಿದ್ದೇನೆ. ಸ್ಕೇಲ್ (ಏರಿಳಿತದ ಪ್ರಮಾಣ) 0.02 ಇದೆ, ಮಿಡ್‌ಲೆವೆಲ್ (ಮೇಲ್ಮೈ ಅಲುಗದೆ ಉಳಿಯುವ ಬೂದು ಮಟ್ಟ) ಇದ್ದಂತೆಯೇ ಇದೆ. ಬ್ಲೆಂಡರ್‌ನ ರೆಂಡರ್ ಎಂಜಿನ್ ಆದ ಸೈಕಲ್ಸ್‌ನಲ್ಲಿ ರೆಂಡರ್ ಮಾಡಿದಾಗ (ಅಂತಿಮ ಚಿತ್ರ ತೆಗೆದಾಗ) ಮುಂಗೈ ಬಡಕಲಾಗಿ ಕಾಣುತ್ತದೆ, ತೋಳಿನ ಅಂಚು ಜಗಲಿಯಂತೆ ಎದ್ದು ನಿಲ್ಲುತ್ತದೆ, ರೇಷ್ಮೆಯ ಹೊಳಪಿನ ಮೇಲೆ ಸಣ್ಣ ಮೆಟ್ಟಿಲುಗಳು ಮೂಡುತ್ತವೆ, ಭುಜದ ಬಳಿ ಸೀಳಿದಂತಹ ಗೆರೆಯೂ ಬೀಳುತ್ತದೆ. ಈ ವಿಧಾನವೇ ಕೈಬಿಡತಕ್ಕದ್ದೋ, ಸರಿಪಡಿಸಬಹುದಾದದ್ದೋ ತಿಳಿದವರು ಹೇಳಬೇಕು.

ಉತ್ತರ – ಕೋಲಾರ

ವಿಧಾನದಲ್ಲಿ ತಪ್ಪಿಲ್ಲ ಸರ್, ಅಳತೆಯಲ್ಲಿದೆ. ಕಪ್ಪು 0, ಬಿಳಿ 1 ಎಂಬ ಲೆಕ್ಕದಲ್ಲಿ ಮಿಡ್‌ಲೆವೆಲ್ ತಾನಾಗಿಯೇ 0.5 ಇರುತ್ತದೆ, ಎಂದರೆ ನಡುಬೂದು ಬಣ್ಣವಿರುವಲ್ಲಿ ಮೇಲ್ಮೈ ಅಲುಗುವುದಿಲ್ಲ, ಅದಕ್ಕಿಂತ ಕಪ್ಪಾದ ಭಾಗ ಒಳಕ್ಕೆ ಹೋಗುತ್ತದೆ. ಮೀಟರ್ ಲೆಕ್ಕದಲ್ಲಿ ಸ್ಕೇಲ್ 0.02 ಇದ್ದರೆ ಅಪ್ಪಟ ಕಪ್ಪು ಚರ್ಮವನ್ನು 10 ಮಿಲಿಮೀಟರ್ ಒಳಕ್ಕೆ ತಳ್ಳುತ್ತದೆ. ಮುಂಗೈ ಸುತ್ತಲೂ ಅಷ್ಟು ಕುಗ್ಗಿದ್ದರಿಂದಲೇ ಅದು ಬಡಕಲಾಗಿದೆ, ಜಗಲಿಯಂತಹ ಅಂಚಿಗೂ ಅದೇ ಕಾರಣ. ಮಿಡ್‌ಲೆವೆಲ್ ಅನ್ನು 0 ಮಾಡಿ, ಸ್ಕೇಲ್ ಅನ್ನು 0.0015ಕ್ಕೆ ಇಳಿಸಿ. ಆಗ ಕಪ್ಪು ಇದ್ದಲ್ಲೇ ಇರುತ್ತದೆ, ಬಿಳಿ ಒಂದೂವರೆ ಮಿಲಿಮೀಟರ್ ಏಳುತ್ತದೆ. ಮಡಿಚಿ ಹೊಲಿದ ಅಂಚಿನಲ್ಲಿ ಬಟ್ಟೆ ಎರಡು ಪದರವಾಗುವುದರಿಂದ ಅಂಚಿಗೆ ಬಿಳಿ, ಉಳಿದ ರವಿಕೆಗೆ ನಡುಬೂದು ಕೊಟ್ಟರೆ ದಪ್ಪದ ವ್ಯತ್ಯಾಸ ಸಹಜವಾಗಿ ಬರುತ್ತದೆ.

ಮೆಟ್ಟಿಲುಗಳ ವಿಷಯಕ್ಕೆ ಬಂದರೆ, ಜೆಪೆಗ್‌ನಲ್ಲಿ ಬೂದುಬಣ್ಣದ 256 ಮಟ್ಟಗಳಷ್ಟೇ ಇರುತ್ತವೆ. ನೀವು 20 ಮಿಲಿಮೀಟರ್ ಎತ್ತರವನ್ನು ಅಷ್ಟರಲ್ಲಿ ಹಂಚಿದ್ದರಿಂದ ಒಂದೊಂದು ಮಟ್ಟಕ್ಕೂ 0.08 ಮಿಲಿಮೀಟರ್ ಬಂದಿದೆ. ಹತ್ತಿಬಟ್ಟೆಯಲ್ಲಿ ಅದು ಮುಚ್ಚಿಹೋಗಬಹುದು, ಹೊಳೆಯುವ ರೇಷ್ಮೆಯಲ್ಲಿ ಮುಚ್ಚುವುದಿಲ್ಲ. ಮ್ಯಾಪ್ ಅನ್ನು ಹೆಚ್ಚು ಮಟ್ಟಗಳನ್ನು ಹಿಡಿಯುವ 16 ಬಿಟ್‌ನ ಪಿಎನ್‌ಜಿ ಅಥವಾ ಇಎಕ್ಸ್‌ಆರ್ ಆಗಿ ಹೊಸದಾಗಿಯೇ ಬರೆಯಿರಿ, ಹಳೆಯ ಜೆಪೆಗ್ ಅನ್ನು ಪರಿವರ್ತಿಸಿದರೆ ಕಳೆದುಹೋದ ಮಟ್ಟಗಳು ಮರಳುವುದಿಲ್ಲ. ಇಮೇಜ್ ಟೆಕ್ಸ್‌ಚರ್ ನೋಡ್‌ನಲ್ಲಿ ಕಲರ್ ಸ್ಪೇಸ್ 'ನಾನ್-ಕಲರ್' (ಚಿತ್ರವನ್ನು ಬಣ್ಣವೆಂದಲ್ಲ, ಬರಿಯ ಅಂಕಿಗಳೆಂದು ಓದುವ ಆಯ್ಕೆ) ಇರಲೇಬೇಕು. ಬಣ್ಣದ ಚಿತ್ರಗಳಿಗೆ ಬಳಸುವ ಎಸ್‌ಆರ್‌ಜಿಬಿ ಇದ್ದರೆ 0.5ರ ಬೂದುವನ್ನು ಸಾಫ್ಟ್‌ವೇರ್ ಸುಮಾರು 0.21 ಎಂದು ಓದುತ್ತದೆ, ಎಲ್ಲ ಲೆಕ್ಕವೂ ಕೆಡುತ್ತದೆ.

ಭುಜದ ಗೆರೆ ಯುವಿ ಸೀಮ್‌ನದು, ಎಂದರೆ ಚಿತ್ರ ಹೊದಿಸಲು ಮೇಲ್ಮೈಯನ್ನು ಕತ್ತರಿಸಿ ಚಪ್ಪಟೆಯಾಗಿ ಬಿಡಿಸಿದ ಕಡೆಯದು. ತೋಳು ಮತ್ತು ಮುಂಡ ಬೇರೆ ಬೇರೆ ತುಂಡುಗಳಾಗಿರುವುದರಿಂದ ಸೀಮ್‌ನ ಎರಡೂ ಬದಿಗೆ ಒಂದೇ ಮಟ್ಟದ ಬೂದು ಇರಬೇಕು, ಬಣ್ಣ ತುಂಡಿನ ಗಡಿಯಾಚೆಗೂ ಕೆಲವು ಪಿಕ್ಸೆಲ್ ಚಾಚಿರಬೇಕು. ಚಪ್ಪಟೆ ಚಿತ್ರದ ಮೇಲೆ ಬರೆಯುವುದಕ್ಕಿಂತ ಟೆಕ್ಸ್‌ಚರ್ ಪೇಂಟ್‌ನಲ್ಲಿ ಆಕೃತಿಯ ಮೇಲೆಯೇ ಬಳಿಯುವುದು ಲೇಸು.

ಉತ್ತರ – ತುಮಕೂರು

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಒಂದು ಮಾತನ್ನು ಸೇರಿಸಲೇಬೇಕು. ಡಿಸ್‌ಪ್ಲೇಸ್‌ಮೆಂಟ್ ಮ್ಯಾಪ್ ಬಟ್ಟೆಗೆ ದಪ್ಪವನ್ನು ಕೊಡುತ್ತದೆ, ಬಿಗಿತವನ್ನು ಕೊಡುವುದಿಲ್ಲ. ಮೇಲ್ಮೈಯ ಪ್ರತಿ ಬಿಂದುವೂ ತಾನಿರುವಲ್ಲಿಂದ ನೇರ ಹೊರಕ್ಕೆ ಚಲಿಸುತ್ತದೆಯೇ ಹೊರತು ಪಕ್ಕದ ಬಿಂದುವನ್ನು ಎಳೆಯುವುದಿಲ್ಲ. ನಿಜವಾದ ರವಿಕೆ ಎದೆಯ ನಡುವಿನ ತಗ್ಗಿಗೆ ಇಳಿಯದೆ ಒಂದು ಬದಿಯಿಂದ ಇನ್ನೊಂದು ಬದಿಗೆ ಬಿಗಿಯಾಗಿ ಹಾಯುತ್ತದೆ. ಹುಕ್ಕಿನ ಪಟ್ಟಿ ನಿಲ್ಲುವುದೇ ಆ ಎಳೆತದ ಮೇಲೆ. ಮ್ಯಾಪ್‌ನಿಂದ ಮಾಡಿದ ರವಿಕೆ ಮಾತ್ರ ಪ್ರತಿ ತಗ್ಗನ್ನೂ ಹಿಂಬಾಲಿಸಿ, ಬಟ್ಟೆಯಾಗದೆ ಮೈಗೆ ಬಳಿದ ಬಣ್ಣವಾಗಿಬಿಡುತ್ತದೆ. ಕೂಲಿ ಮಾಡುವ ಹೆಣ್ಣುಮಗಳನ್ನು ಗೌರವದಿಂದ ತೋರಿಸಬೇಕಾದ ಚಿತ್ರದಲ್ಲಿ ಇದು ಸಣ್ಣ ಲೋಪವಲ್ಲ. ಕಂಕುಳಲ್ಲಿ ಎದುರುಬದುರಾದ ಮೇಲ್ಮೈಗಳು ಒಂದರೊಳಗೊಂದು ನುಗ್ಗುವುದೂ ಇದೇ ಸ್ವಭಾವದಿಂದ.

ಆದ್ದರಿಂದ ತೋಳಿಗೂ ಬೆನ್ನಿಗೂ ಮ್ಯಾಪ್ ಇರಲಿ. ಎದೆಯ ಭಾಗದಲ್ಲಿ ಮೈಯ ಮೆಶ್ ಅನ್ನೇ ಶೇಪ್ ಕೀ (ಮೆಶ್‌ನ ತಿದ್ದಿದ ಆಕಾರವನ್ನು ಬೇರೆಯಾಗಿ ಉಳಿಸುವ ಸೌಲಭ್ಯ) ಮೂಲಕ ತಿದ್ದಿ, ತಗ್ಗನ್ನು ತುಂಬಿ, ಬಟ್ಟೆ ಹಾಯುವಂತೆ ಮಾಡಿಕೊಂಡು ಅದರ ಮೇಲೆ ಮ್ಯಾಪ್ ಕೊಡಿ. ಹೀಗೆ ಮಾಡಿದರೆ ಬೇರೆ ಮೆಶ್ ಬೇಕಾಗುವುದಿಲ್ಲ, ಚರ್ಮ ಇಣುಕುವ ತೊಂದರೆಯೂ ಇರುವುದಿಲ್ಲ. ಟಕ್ಸ್ ಹಿಡಿದ ಗೆರೆಗಳನ್ನು ಮರೆಯಬೇಡಿ. ಅವಿಲ್ಲದ ರವಿಕೆ ಹೊಲಿದದ್ದೆಂದು ತೋರುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮುಂಗೈ ಸರಿಹೋಗಿದೆ, ಮೆಟ್ಟಿಲುಗಳೂ ಹೋಗಿವೆ, ಶೇಪ್ ಕೀಯಿಂದ ಎದೆಯ ಭಾಗ ಬಹಳ ಸುಧಾರಿಸಿದೆ. ತೋಳಿನ ಅಂಚು ಮಾತ್ರ ಹತ್ತಿರದಿಂದ ಗರಗಸದ ಹಲ್ಲಿನಂತೆ ಕಾಣುತ್ತಿದೆ. ಜರಿಯ ಎಳೆಗಳನ್ನೂ ಮ್ಯಾಪ್‌ನಲ್ಲೇ ಬರೆಯಬೇಕೇ?

ಉತ್ತರ – ಕೋಲಾರ

ಮೆಶ್ ಸಾಲದಾಗಿದೆ. ತೋಳಿನ ಸುತ್ತಳತೆ 25 ಸೆಂಟಿಮೀಟರ್ ಇದ್ದು ಸುತ್ತ 32 ಮುಖಗಳಿದ್ದರೆ ಒಂದೊಂದೂ ಸುಮಾರು 8 ಮಿಲಿಮೀಟರ್ ಅಗಲವಿರುತ್ತದೆ. ಒಂದೂವರೆ ಮಿಲಿಮೀಟರ್ ಅಂಚು ಅದರಲ್ಲಿ ಮೂಡಲಾರದು. ಪ್ರತಿ ಮುಖವನ್ನೂ ಚಿಕ್ಕ ಮುಖಗಳಾಗಿ ಒಡೆಯುವ ಸಬ್‌ಡಿವಿಷನ್ ಸರ್ಫೇಸ್‌ನ ರೆಂಡರ್ ಮಟ್ಟವನ್ನು 3 ಮಾಡಿದರೆ ಅಗಲ 1 ಮಿಲಿಮೀಟರ್‌ಗೆ ಇಳಿಯುತ್ತದೆ, ಆದರೆ ಮುಖಗಳ ಸಂಖ್ಯೆ 64 ಪಟ್ಟಾಗುತ್ತದೆ. ಮೆಮೊರಿ ಸಾಲದಿದ್ದರೆ ತೋಳಿನ ಅಂಚಿನ ಉದ್ದಕ್ಕೂ ಒಂದೆರಡು ಎಡ್ಜ್ ಲೂಪ್ (ಮೆಶ್ ಸುತ್ತ ಹಾಯುವ ಹೆಚ್ಚುವರಿ ಗೆರೆ) ಹಾಕಿ, ಮಟ್ಟವನ್ನು 2ಕ್ಕೇ ನಿಲ್ಲಿಸಿ. ಮ್ಯಾಪ್‌ನಲ್ಲಿ ಕಪ್ಪಿನಿಂದ ಬಿಳಿಗೆ ಒಮ್ಮೆಲೇ ಜಿಗಿಯದೆ ಎರಡು ಮೂರು ಪಿಕ್ಸೆಲ್‌ಗಳ ಇಳಿಜಾರು ಇರಲಿ.

ಜರಿಯನ್ನು ಬಂಪ್ ಮ್ಯಾಪ್‌ಗೂ (ಮೇಲ್ಮೈಯನ್ನು ಅಲುಗಿಸದೆ ನೆರಳು-ಬೆಳಕಿನಿಂದಲೇ ಉಬ್ಬುತಗ್ಗು ತೋರಿಸುವ ಚಿತ್ರ) ಬಣ್ಣಕ್ಕೂ ಬಿಡಿ. 60 ಸೆಂಟಿಮೀಟರ್ ಉದ್ದದ ಕೈಗೆ 2048 ಪಿಕ್ಸೆಲ್ ಸಿಕ್ಕಿದ್ದರೆ ಒಂದು ಪಿಕ್ಸೆಲ್ ಎಂದರೆ 0.3 ಮಿಲಿಮೀಟರ್, ಎಳೆ ಅದಕ್ಕಿಂತ ಸಣ್ಣದು. ಅಂಚಿನ ಹೊಲಿಗೆಗಳು ಮಾತ್ರ ಎಂಟು ಪಿಕ್ಸೆಲ್‌ನಷ್ಟು ಉದ್ದ ಬರುವುದರಿಂದ ಅವುಗಳನ್ನು ಡಿಸ್‌ಪ್ಲೇಸ್‌ಮೆಂಟ್‌ನಲ್ಲಿ ನಸುವಾಗಿ ತಗ್ಗಿಸಿ ತೋರಿಸಬಹುದು.